ಮಗುವಿನ ನಿದ್ದೆಗೂ ಒಂದು ಲೆಕ್ಕ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ನಮ್ಮ ಗಾದೆ ಹೇಳುತ್ತದೆ. ಆ ಮಾತು ಪೂರ್ತಿ ನಿಜವಾಗಿದ್ದ ಪಕ್ಷದಲ್ಲಿ, ಲೋಕದಲ್ಲಿ ಎಲ್ಲರಿಗಿಂತ ಸೊಗಸಾಗಿ ನಿದ್ರಿಸಬೇಕಾದುದು ಮಗು. ಅದಕ್ಕೆ ಸಾಲದ ಯೋಚನೆಯಿಲ್ಲ, ವರ್ಗಾವಣೆಯ ಭಯವಿಲ್ಲ, ನೆರೆಯವನ ಏಳಿಗೆಯನ್ನು ಕಂಡು ಹೊಟ್ಟೆ ಉರಿದುಕೊಳ್ಳುವ ಅಭ್ಯಾಸವೂ ಇಲ್ಲ. ಆದರೂ ಮಗುವಿರುವ ಮನೆಯಲ್ಲಿ ನಡುರಾತ್ರಿ ದೀಪ ಉರಿಯುವುದನ್ನೂ, ಬೆಳಿಗ್ಗೆ ಆ ಮನೆಯ ತಾಯಿ ಕೆಂಪು ಕಣ್ಣಿನಿಂದ ಬಾಗಿಲಿಗೆ ನೀರು ಹಾಕುವುದನ್ನೂ ನಾವೆಲ್ಲರೂ ಕಂಡವರೇ.

ಮಗು ಸರಿಯಾಗಿ ನಿದ್ದೆ ಮಾಡುತ್ತಿಲ್ಲ ಎಂಬ ಸುದ್ದಿ ಹೊರಬಿದ್ದೊಡನೆ ಮನೆಯಲ್ಲಿ ಒಂದು ಸಭೆ ಸೇರುತ್ತದೆ. ದೃಷ್ಟಿಯಾಗಿದೆ, ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿ ಎಂದು ಒಬ್ಬರ ಸಲಹೆ. ಹೊಟ್ಟೆ ತುಂಬಿಲ್ಲ ಎಂದು ಇನ್ನೊಬ್ಬರ ಊಹೆ. ಹೊಟ್ಟೆ ಹೆಚ್ಚಾಗಿ ತುಂಬಿದೆ ಎಂದು ಮತ್ತೊಬ್ಬರ ವಾದ. ಬಜೆ ತೇಯ್ದು ನೆಕ್ಕಿಸಬೇಕೆನ್ನುವವರುಂಟು, ತಾಯತ ಕಟ್ಟಿಸಬೇಕೆನ್ನುವವರುಂಟು, ಎರಡೇಟು ಕೊಟ್ಟರೆ ತಾನೇ ಮಲಗುತ್ತದೆ ಎನ್ನುವ ಧೀರರೂ ಉಂಟು. ಸಲಹೆಗಳು ಹೀಗೆ ನಾನಾ ವಿಧವಾದರೂ ಕೊನೆಯ ತೀರ್ಪು ಮಾತ್ರ ಬಹುಮಟ್ಟಿಗೆ ಒಂದೇ: ತಾಯಿಗೆ ಮಗುವನ್ನು ಮಲಗಿಸಲು ಬರುವುದಿಲ್ಲ. ಈ ತೀರ್ಪನ್ನು ಕೇಳಿಸಿಕೊಳ್ಳುವಾಕೆ ರಾತ್ರಿ ಮೂರು ಸಲ ಎದ್ದವಳು. ವಾದಿಸುವುದಕ್ಕೆ ಆಕೆಯಲ್ಲಿ ಶಕ್ತಿಯೂ ಇರುವುದಿಲ್ಲ, ಸಾಕ್ಷಿಯೂ ಇರುವುದಿಲ್ಲ.

ಆ ಸಾಕ್ಷಿಯನ್ನು ಒದಗಿಸುವ ಒಂದು ಸಾಧನವನ್ನು ಕುರಿತು ಇಲ್ಲಿ ಹೇಳಬೇಕೆಂದಿದ್ದೇನೆ. ಅದು ಒಂದು ನೋಟುಪುಸ್ತಕ, ಒಂದು ಪೆನ್ಸಿಲು, ಗೋಡೆಯ ಮೇಲೊಂದು ಗಡಿಯಾರ. ಔಷಧಕ್ಕೆ, ಮಂತ್ರಕ್ಕೆ, ಗದರಿಕೆಗೆ ಮೊದಲು ಎರಡು ವಾರ ಕಾಲ ಮಗುವಿನ ನಿದ್ದೆ ಎಚ್ಚರಗಳನ್ನು ಬರೆದಿಡಬೇಕೆಂಬುದೇ ನನ್ನ ಸೂಚನೆ. ಹಾಲಿನವನು ಬಾರದ ದಿನವನ್ನು ಕ್ಯಾಲೆಂಡರಿನ ಚೌಕದಲ್ಲಿ ಗುರುತು ಹಾಕಿ, ತಿಂಗಳ ಕೊನೆಗೆ ಅರ್ಧ ಲೀಟರಿಗೂ ಲೆಕ್ಕ ಕೇಳುವ ಗೃಹಸ್ಥರು ನಾವು. ಮಗುವಿನ ನಿದ್ದೆಯ ವಿಷಯ ಬಂದಾಗ ಮಾತ್ರ ಕೇವಲ ನೆನಪನ್ನೇ ನಂಬಿಕೊಂಡಿರುತ್ತೇವೆ.

ನೆನಪಾದರೋ ಈ ಕೆಲಸಕ್ಕೆ ತಕ್ಕ ಗುಮಾಸ್ತೆಯಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರಗೊಂಡ ಮನಸ್ಸಿಗೆ ಹತ್ತು ನಿಮಿಷ ಒಂದು ಗಂಟೆಯಾಗಿ ತೋರುತ್ತದೆ. ವಾರದಲ್ಲಿ ಐದು ರಾತ್ರಿ ಸುಖವಾಗಿ ಕಳೆದು ಎರಡು ರಾತ್ರಿ ಕೆಟ್ಟರೆ, ನೆನಪಿನಲ್ಲಿ ನಿಲ್ಲುವುದು ಕೆಟ್ಟ ಎರಡೇ. ಇತ್ತ ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಒಂದು ರಾತ್ರಿಯೂ ನೆನಪಿರುವುದಿಲ್ಲ. ಆದುದರಿಂದ, ಮಗು ಚೆನ್ನಾಗಿಯೇ ಮಲಗುತ್ತದಲ್ಲ ಎಂದು ಅವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಇಬ್ಬರೂ ಸುಳ್ಳಾಡುತ್ತಿಲ್ಲ, ಆದರೂ ಜಗಳ ತಪ್ಪುವುದಿಲ್ಲ.

ಬರೆದಿಡುವ ಈ ಕ್ರಮ ನನ್ನ ಕಲ್ಪನೆಯೇನೂ ಅಲ್ಲ. ನಿದ್ರೆಯ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬನಾದ ನಥಾನಿಯಲ್ ಕ್ಲೈಟ್‌ಮನ್, ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಎಂಗಲ್‌ಮನ್ ಎಂಬ ಸಹೋದ್ಯೋಗಿಯೊಡನೆ ಹತ್ತೊಂಬತ್ತು ಕೂಸುಗಳ ನಿದ್ದೆಯನ್ನು ಮೂರನೆಯ ವಾರದಿಂದ ಇಪ್ಪತ್ತಾರನೆಯ ವಾರದವರೆಗೆ ಪರಿಶೀಲಿಸಿ ೧೯೫೩ರಲ್ಲಿ ಪ್ರಕಟಿಸಿದ. ಅವನ ಬರಹಗಳಲ್ಲಿರುವ ಒಂದು ಕೂಸಿನ ಪಟ ಇಂದಿಗೂ ಪಠ್ಯಪುಸ್ತಕಗಳಲ್ಲಿ ಕಾಣಸಿಗುತ್ತದೆ. ದಿನಕ್ಕೊಂದು ಸಾಲು, ನಿದ್ದೆಗೆ ಗೆರೆ, ಎಚ್ಚರಕ್ಕೆ ಬರಿಯ ಜಾಗ, ಹಾಲು ಕುಡಿದುದಕ್ಕೆ ಚುಕ್ಕೆ. ಅಷ್ಟೇ. ಮೇಲಿನ ಸಾಲುಗಳಲ್ಲಿ ಗೆರೆಗಳು ಇರುವೆ ಹರಿದಂತೆ ಎಲ್ಲೆಂದರಲ್ಲಿ ಚೆದರಿವೆ. ನಡುವೆ ಕೆಲವು ವಾರ ಕೂಸು ಮಲಗುವ ಹೊತ್ತು ದಿನದಿಂದ ದಿನಕ್ಕೆ ಮುಂದೆ ಮುಂದೆ ಸರಿಯುತ್ತ, ಸೂರ್ಯನ ಗೊಡವೆಯೇ ತನಗಿಲ್ಲವೆಂಬಂತೆ ನಡೆಯುತ್ತದೆ. ಕೆಳಕೆಳಗೆ ಬಂದಂತೆ ಗೆರೆಗಳು ಒಂದುಗೂಡಿ ರಾತ್ರಿ ಎಂಬುದೊಂದು ಮೂಡುತ್ತದೆ. ಹುಟ್ಟಿದ ಜೀವ ಈ ಭೂಮಿಯ ಹಗಲಿರುಳುಗಳಿಗೆ ಹೊಂದಿಕೊಳ್ಳುವ ಕಥೆಯನ್ನು ಅಷ್ಟು ಸ್ಪಷ್ಟವಾಗಿ ಹೇಳುವ ಪಟ ಇನ್ನೊಂದನ್ನು ನಾನು ಕಂಡಿಲ್ಲ. ಆರು ವಾರದ ಕೂಸು ರಾತ್ರಿಯೆಲ್ಲ ಎದ್ದೇಳುತ್ತದೆ ಎಂದು ಅಳುವ ಬಾಣಂತಿಗೆ ಆ ಪಟವನ್ನು ತೋರಿಸಿದರೆ ಅರ್ಧ ಭಾರ ಇಳಿಯುತ್ತದೆ. ಅದು ರೋಗವಲ್ಲ, ವಯಸ್ಸು.

ಕನಸು ಕಾಣುವಾಗ ಮುಚ್ಚಿದ ರೆಪ್ಪೆಯ ಹಿಂದೆ ಕಣ್ಣು ಚುರುಕಾಗಿ ಚಲಿಸುತ್ತದೆ ಎಂಬ ಸಂಗತಿಯನ್ನು ಕ್ಲೈಟ್‌ಮನ್ ಮತ್ತು ಅವನ ಶಿಷ್ಯ ಆಸೆರಿನ್‌ಸ್ಕಿ ಪ್ರಕಟಿಸಿದುದೂ ಅದೇ ೧೯೫೩ರಲ್ಲಿ. ಆ ಶೋಧದ ಆರಂಭದಲ್ಲಿ ಆಸೆರಿನ್‌ಸ್ಕಿ ಯಂತ್ರದ ತಂತಿಗಳನ್ನು ಅಂಟಿಸಿದ್ದು ತನ್ನ ಎಂಟು ವರ್ಷದ ಮಗನಿಗೆ. ಮಲಗಿದ ಮಗುವಿನ ಪಕ್ಕದಲ್ಲಿ ಒಬ್ಬ ತಂದೆ ಎಚ್ಚರವಿದ್ದು ಕಾಗದದ ಮೇಲಿನ ಗೆರೆಗಳನ್ನು ನೋಡುತ್ತ ಕುಳಿತುದರಿಂದ ಒಂದು ಶಾಸ್ತ್ರವೇ ಬೆಳೆಯಿತು. ತಂದೆಯೊಬ್ಬ ಎಚ್ಚರವಿದ್ದ ಎಂಬ ಅಂಶವನ್ನು ನಮ್ಮ ಗೃಹಸ್ಥರು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ.

ಇನ್ನು ಬರೆಯಬೇಕಾದುದೇನು? ಹಾಸಿಗೆಗೆ ಹೋದ ಹೊತ್ತು, ನಿದ್ದೆ ಹತ್ತಿದ ಹೊತ್ತು, ಇವೆರಡೂ ಬೇರೆಬೇರೆ. ರಾತ್ರಿ ಎಷ್ಟು ಸಲ ಎದ್ದಿತು, ಎಷ್ಟು ಹೊತ್ತು ಎಚ್ಚರವಿತ್ತು, ಹೇಗೆ ಮತ್ತೆ ಮಲಗಿತು. ಬೆಳಿಗ್ಗೆ ತಾನಾಗಿ ಎದ್ದಿತೇ, ಎಬ್ಬಿಸಬೇಕಾಯಿತೇ. ಹಗಲುನಿದ್ದೆ ಎಷ್ಟರಿಂದ ಎಷ್ಟರವರೆಗೆ. ಮಲಗುವ ಮುಂಚಿನ ಒಂದು ಗಂಟೆಯಲ್ಲಿ ಮನೆಯಲ್ಲಿ ನಡೆದುದೇನು. ಗೊರಕೆಯಿತ್ತೇ, ಬಾಯಿ ತೆರೆದು ಉಸಿರಾಡಿತೇ. ಇಷ್ಟನ್ನು ಬರೆಯಲು ದಿನಕ್ಕೆ ಐದು ನಿಮಿಷ ಸಾಕು. ಒಂದೇ ಒಂದು ನಿಯಮವನ್ನು ಮಾತ್ರ ಪಾಲಿಸಬೇಕು: ಕಂಡದ್ದನ್ನು ಬರೆಯಬೇಕು, ಅದರ ಬಗ್ಗೆ ನಮ್ಮ ಅಭಿಪ್ರಾಯವನ್ನು ಬರೆಯಬಾರದು. ‘ಹಟ ಮಾಡಿದ’ ಎಂಬುದು ಅಭಿಪ್ರಾಯ. ‘ನೀರು ಕೇಳಿದ, ಮತ್ತೆ ನೀರು ಕೇಳಿದ, ಅಪ್ಪ ಬಂದರೇ ಎಂದು ಕೇಳಿದ’ ಎಂಬುದು ಸಂಗತಿ.

ಹೀಗೆ ಎರಡು ವಾರ ಬರೆದ ಪುಟಗಳು ವೈದ್ಯನಿಗೆ ಹೇಳುವುದು ಬಹಳ. ಮೊದಲು ಒಟ್ಟು ಗಂಟೆಗಳನ್ನು ಕೂಡಬೇಕು. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ ೨೦೧೬ರಲ್ಲಿ ಕೊಟ್ಟ ಲೆಕ್ಕದಂತೆ, ಹಗಲುನಿದ್ದೆಯೂ ಸೇರಿ ದಿನವೊಂದಕ್ಕೆ ನಾಲ್ಕರಿಂದ ಹನ್ನೆರಡು ತಿಂಗಳ ಕೂಸಿಗೆ ೧೨ರಿಂದ ೧೬ ಗಂಟೆ, ಒಂದೆರಡು ವರ್ಷದ ಮಗುವಿಗೆ ೧೧ರಿಂದ ೧೪, ಮೂರರಿಂದ ಐದು ವರ್ಷದವರಿಗೆ ೧೦ರಿಂದ ೧೩, ಆರರಿಂದ ಹನ್ನೆರಡರವರಿಗೆ ೯ರಿಂದ ೧೨, ಅದಕ್ಕೆ ಮೇಲ್ಪಟ್ಟ ಹರೆಯದವರಿಗೆ ೮ರಿಂದ ೧೦ ಗಂಟೆ ನಿದ್ದೆ ಬೇಕು. ಕೂಡಿ ನೋಡಿದಾಗ, ನಿದ್ದೆಯೇ ಇಲ್ಲವೆಂದು ದೂರು ತಂದ ಎಷ್ಟೋ ಮಕ್ಕಳ ನಿದ್ದೆ ಈ ಮಿತಿಯೊಳಗೇ ಇರುತ್ತದೆ. ಅಲ್ಲಿ ಬದಲಾಗಬೇಕಾದುದು ಹೊತ್ತು ಮಾತ್ರ. ಸದ್ದಿಲ್ಲದೆ ಎದ್ದು ಶಾಲೆಗೆ ಹೋಗುವ ಮಗುವಿಗೆ ದಿನಕ್ಕೆ ಎರಡು ಗಂಟೆಯ ಕೊರತೆಯಿರುವುದೂ ಉಂಟು.

ಎರಡನೆಯದಾಗಿ, ಎದ್ದ ಹೊತ್ತೇ ಎಷ್ಟೋ ಸಲ ಕಾರಣದ ಕಡೆಗೆ ಬೊಟ್ಟು ಮಾಡುತ್ತದೆ. ಮಲಗಿದ ಒಂದೆರಡು ಗಂಟೆಯೊಳಗೆ ಮಗು ಚಿಟ್ಟನೆ ಚೀರಿ ಎದ್ದು ಕುಳಿತು, ಕಣ್ಣು ತೆರೆದಿದ್ದರೂ ತಾಯಿಯನ್ನು ಗುರುತಿಸದೆ, ಬೆಳಿಗ್ಗೆ ಕೇಳಿದರೆ ಏನೂ ನೆನಪಿಲ್ಲವೆಂದರೆ, ಅದು ಗಾಢನಿದ್ದೆಯಿಂದ ಅರ್ಧ ಎಚ್ಚರವಾದ ಸ್ಥಿತಿ. ನಮ್ಮ ಕಡೆ ಗ್ರಹ ಬಡಿದಿದೆ ಎಂದು ಹೆದರುವುದು ಇದಕ್ಕೇ. ಬೆಳಗಿನ ಜಾವದಲ್ಲಿ ಅಳುತ್ತ ಎದ್ದು, ಅಪ್ಪಿಕೊಂಡು, ಹುಲಿ ಬಂತೆಂದು ವಿವರ ಹೇಳಿದರೆ ಅದು ಕೆಟ್ಟ ಕನಸು. ಮೊದಲನೆಯದಕ್ಕೆ ಎಬ್ಬಿಸಿ ಸಮಾಧಾನ ಹೇಳುವುದು ಬೇಡ, ಬಿದ್ದು ಪೆಟ್ಟಾಗದಂತೆ ಕಾದರೆ ಸಾಕು. ಎರಡನೆಯದಕ್ಕೆ ಸಮಾಧಾನವೇ ಮದ್ದು. ಗಡಿಯಾರ ನೋಡಿ ಬರೆದವರಿಗೆ ಈ ಎರಡನ್ನು ಬೇರ್ಪಡಿಸುವುದು ಸುಲಭ. ಇನ್ನು, ಪ್ರತಿ ರಾತ್ರಿಯ ಮುಂದೆ ‘ಗೊರಕೆ’ ಎಂದು ಬರೆದಿದ್ದರೆ ಮಗುವನ್ನು ಕಿವಿ ಮೂಗು ಗಂಟಲಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಟಾನ್ಸಿಲು, ಅಡಿನಾಯ್ಡುಗಳು ಬೆಳೆದು ಉಸಿರಿನ ದಾರಿಯನ್ನು ಅಡ್ಡಗಟ್ಟಿದ ಮಗು ರಾತ್ರಿಯೆಲ್ಲ ಮಲಗಿದ್ದರೂ ವಿಶ್ರಾಂತಿ ಪಡೆದಿರುವುದಿಲ್ಲ. ಹಗಲಿನಲ್ಲಿ ಅದು ತೂಕಡಿಸುವುದಕ್ಕೆ ಬದಲಾಗಿ ಚಡಪಡಿಸುತ್ತದೆ. ಶಾಲೆಯಲ್ಲಿ ತುಂಟನೆಂಬ ಹೆಸರು ಹೊರುತ್ತದೆ. ಕಾಲು ಸೆಳೆಯುತ್ತದೆ, ಒತ್ತು ಎಂದು ದಿನವೂ ಕಾಡುವ ಮಗುವಿನ ರಕ್ತದಲ್ಲಿ ಕಬ್ಬಿಣಾಂಶ ಸಾಲದಿರಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆ, ೨೦೧೯-೨೧ರಲ್ಲಿ, ನಮ್ಮ ರಾಜ್ಯದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು ೬೫ ಮಂದಿಗೆ ರಕ್ತಹೀನತೆಯಿರುವುದನ್ನು ಕಂಡಿತು. ಹೀಗಿರುವಲ್ಲಿ ಕಾಲು ಒತ್ತಿಸಿಕೊಳ್ಳುವ ಹಟ ಎಂದು ಸುಮ್ಮನಿರುವುದು ಸರಿಯೇ?

ಮೂರನೆಯ ಸಂಗತಿ ನಿದ್ದೆ ಬಂದ ಬಗೆಯನ್ನು ಕುರಿತದ್ದು. ನಿದ್ದೆ ರಾತ್ರಿಯುದ್ದಕ್ಕೂ ಒಂದೇ ಎರಕದ್ದಲ್ಲ. ಎಳೆಯ ಕೂಸಿನಲ್ಲಿ ಸುಮಾರು ಒಂದು ಗಂಟೆಗೆ, ದೊಡ್ಡವರಲ್ಲಿ ಸುಮಾರು ಒಂದೂವರೆ ಗಂಟೆಗೆ ಒಂದು ಸುತ್ತು ಮುಗಿದು, ಸುತ್ತಿನ ಕೊನೆಗೆ ಎಲ್ಲರಿಗೂ ತುಸು ಎಚ್ಚರವಾಗುತ್ತದೆ. ನಾವು ಮಗ್ಗುಲು ಬದಲಿಸಿ ಮಲಗುತ್ತೇವೆ. ತೊಡೆಯ ಮೇಲೆ ತೂಗಿಸಿಕೊಂಡೇ ನಿದ್ದೆಗೆ ಜಾರಿದ ಮಗು, ಎಚ್ಚರವಾದಾಗ ತೊಡೆಯನ್ನು ಹುಡುಕುತ್ತದೆ. ತೊಡೆಯ ಮೇಲೆ ಮಲಗಿಸಬಾರದೆಂದು ನಾನು ಹೇಳುವುದಿಲ್ಲ. ಜೋಗುಳವೂ ತೊಟ್ಟಿಲೂ ನಮ್ಮ ನಾಡಿನ ಸಂಪತ್ತು. ಆದರೆ ಅದು ಮನೆಗೆ ಕಷ್ಟವಾಗತೊಡಗಿದಾಗ, ಕಣ್ಣು ಭಾರವಾದೊಡನೆ ಹಾಸಿಗೆಗೆ ಇಳಿಸಿ ಪಕ್ಕದಲ್ಲಿ ಕುಳಿತರೂ ಸಾಕೇ ಎಂದು ಪರೀಕ್ಷಿಸಿ ನೋಡಬಹುದು. ಪರೀಕ್ಷೆಯ ಫಲ ಮರುದಿನದ ಸಾಲಿನಲ್ಲಿ ತಾನೇ ಕಾಣುತ್ತದೆ.

ನಮ್ಮ ಬಳಗದ ಒಂದು ಮನೆಯ ಮಾತನ್ನು ಉದಾಹರಣೆಯಾಗಿ ಹೇಳುತ್ತೇನೆ. ಮೈಸೂರಿನಲ್ಲಿರುವ ನನ್ನ ತಂಗಿಯ ಮೊಮ್ಮಗನಿಗೆ ನಾಲ್ಕು ವರ್ಷ. ರಾತ್ರಿ ಹನ್ನೊಂದಾದರೂ ಮಲಗುವುದಿಲ್ಲ. “ಅಣ್ಣಾ, ಸೊಸೆ ಮುದ್ದು ಮಾಡಿ ಕೆಡಿಸಿದ್ದಾಳೆ” ಎಂದು ತಂಗಿ. “ಮಾವ, ಅತ್ತೆ ಹೊತ್ತಲ್ಲದ ಹೊತ್ತಿನಲ್ಲಿ ತಿನ್ನಿಸುತ್ತಾರೆ” ಎಂದು ಸೊಸೆ. ಇಬ್ಬರಿಗೂ ಒಂದೇ ನೋಟುಪುಸ್ತಕವನ್ನು ಕೊಟ್ಟು, ಯಾರಿಗೆ ಎಚ್ಚರವಾಗುತ್ತದೆಯೋ ಅವರು ಬರೆಯತಕ್ಕದ್ದೆಂದು ಗೊತ್ತುಮಾಡಿದೆವು. ನನ್ನ ಸೋದರಳಿಯನೂ ಬರೆಯಬೇಕೆಂದಾಗ ಅವನು ತುಸು ನಕ್ಕನಾದರೂ ಬರೆದ. ಹದಿನಾಲ್ಕು ರಾತ್ರಿಗಳಲ್ಲಿ ಒಂಬತ್ತು ರಾತ್ರಿ ಮಗು ಮಲಗಿದ್ದು ಹನ್ನೊಂದರ ಸುಮಾರಿಗೆ, ಐದು ರಾತ್ರಿ ಹತ್ತಕ್ಕೆ ಮುಂಚೆ. ಆ ಐದು ಯಾವುವು? ಎರಡು ಶನಿವಾರ, ಎರಡು ಭಾನುವಾರ, ಒಂದು ಹಬ್ಬದ ರಜೆ. ಉಳಿದ ಒಂಬತ್ತು ದಿನವೂ ಮಗು ಶಿಶುವಿಹಾರದಲ್ಲಿ ಮಧ್ಯಾಹ್ನ ಮೂರೂವರೆಯಿಂದ ಐದೂವರೆಯವರೆಗೆ ನಿದ್ದೆ ಮಾಡಿತ್ತು. ಒಂಬತ್ತು ದಿನವೂ ಕಚೇರಿಯಿಂದ ತಂದೆ ಬಂದುದು ಒಂಬತ್ತೂಕಾಲರ ಮೇಲೆ. ಬೈಕಿನ ಸದ್ದು ಗೇಟಿನಲ್ಲಿ ಕೇಳಿದೊಡನೆ ಮಗುವಿಗೆ ಎರಡನೆಯ ಬೆಳಗಾಗುತ್ತಿತ್ತು. ಆಮೇಲೆ ಒಂದು ಗಂಟೆಯ ಕುಣಿದಾಟ.

ಹಗಲುನಿದ್ದೆಯನ್ನು ಊಟವಾದೊಡನೆ ಒಂದೇ ಗಂಟೆಗೆ ಮುಗಿಸುವಂತೆ ಶಿಶುವಿಹಾರದವರನ್ನು ಕೇಳಿಕೊಂಡರು, ಅವರು ಒಪ್ಪಿದರು. ಕುಣಿದಾಟವನ್ನು ತಂದೆ ಬೆಳಗಿನ ಸ್ನಾನದ ಹೊತ್ತಿಗೆ ವರ್ಗಾಯಿಸಿದ. ಮೂರು ವಾರದ ಮೇಲೆ ಮಗು ಬಹುತೇಕ ರಾತ್ರಿ ಒಂಬತ್ತೂವರೆಗೆ ಮಲಗತೊಡಗಿತು. ಮೊದಲು ಹಗಲಿರುಳು ಸೇರಿ ಒಂಬತ್ತೂವರೆ ಗಂಟೆಯಿದ್ದ ನಿದ್ದೆ ಈಗ ಹತ್ತು ಗಂಟೆಯಾಗಿದೆ. ದೊಡ್ಡ ಪವಾಡವೇನೂ ಅಲ್ಲ. ನಡುರಾತ್ರಿ ಎದ್ದು ನೀರು ಕೇಳುವುದು ಇನ್ನೂ ಇದೆ. ಆದರೆ ತಂಗಿ ಮೊನ್ನೆ ಹೇಳಿದಳು: “ನಾನು ಬರೆದ ಪುಟದಲ್ಲೆಲ್ಲ ಹುಡುಕಿದೆ ಅಣ್ಣಾ, ಅವಳ ತಪ್ಪು ಎಲ್ಲೂ ಸಿಕ್ಕಲಿಲ್ಲ.” ಅರ್ಧ ಗಂಟೆಯ ನಿದ್ದೆಗಿಂತ ಈ ಮಾತು ದೊಡ್ಡ ಲಾಭವೆಂದು ನಾನು ಎಣಿಸುತ್ತೇನೆ.

ಈ ಸೂಚನೆಗೆ ಆಕ್ಷೇಪಣೆಗಳಿಲ್ಲದಿಲ್ಲ. ನಮ್ಮ ಹಿರಿಯರು ಯಾವ ಲೆಕ್ಕ ಬರೆದು ಹತ್ತು ಮಕ್ಕಳನ್ನು ಸಾಕಿದರು ಎಂದು ಕೇಳುವವರುಂಟು. ಆಗ ಮನೆಯಲ್ಲಿ ಅಜ್ಜಿ, ಅತ್ತೆ, ಚಿಕ್ಕಮ್ಮ, ಸೋದರತ್ತೆ ಎಂದು ನಾಲ್ಕು ಜೊತೆ ಕಣ್ಣುಗಳಿದ್ದವು. ಒಬ್ಬರು ಕಾಣದುದನ್ನು ಇನ್ನೊಬ್ಬರು ಕಾಣುತ್ತಿದ್ದರು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ತಾಯಿಗೆ ಆ ಕಣ್ಣುಗಳ ಕೆಲಸವನ್ನು ಪುಸ್ತಕ ಮಾಡಿಕೊಡುತ್ತದೆ. ಅದೂ ಅಲ್ಲದೆ, ಹಿಂದಿನ ಕಾಲದ್ದೆಲ್ಲ ಹಿತವಾಗಿತ್ತೆನ್ನುವಂತಿಲ್ಲ. ೧೯೨೦ರ ದಶಕದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಕೂಸಿಗೆ ಅಫೀಮಿನ ಗುಳಿಗೆ ಕೊಟ್ಟು ಮಲಗಿಸಿ ಪಾಳಿಗೆ ಹೋಗುತ್ತಿದ್ದುದು ಅಂದಿನ ಸರಕಾರಿ ವರದಿಗಳಲ್ಲಿಯೇ ದಾಖಲಾಗಿದೆ. ಆ ತಾಯಂದಿರು ಕ್ರೂರಿಗಳಾಗಿರಲಿಲ್ಲ. ದಿನವಿಡೀ ದುಡಿಮೆ ಅವರಿಗೆ ಬೇರೆ ದಾರಿ ಬಿಟ್ಟಿರಲಿಲ್ಲ. ಇಂದು ಗುಳಿಗೆಯ ಸ್ಥಾನಕ್ಕೆ ನೆಗಡಿಯ ಸಿರಪ್ಪು ಬಂದಿದೆ. ನೆಗಡಿಗೆ ಕೊಡುವ ಇಂಥ ಒಂದು ಪ್ರಸಿದ್ಧ ಮಿಶ್ರಣವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಕೇಂದ್ರದ ಔಷಧ ನಿಯಂತ್ರಕರು ೨೦೨೩ರಲ್ಲಿ ಸೂಚಿಸಬೇಕಾಯಿತು. ವೈದ್ಯರ ಮಾತಿಲ್ಲದೆ ನಿದ್ದೆಗೆಂದು ಒಂದು ಚಮಚವನ್ನೂ ಹಾಕಬಾರದು.

ಈಗ ಮಣಿಕಟ್ಟಿನ ಯಂತ್ರಗಳೂ ಫೋನುಗಳೂ ತಾವೇ ನಿದ್ದೆಯನ್ನು ಅಳೆಯುವಾಗ ಪೆನ್ಸಿಲೇಕೆ ಎಂಬುದು ಇನ್ನೊಂದು ಆಕ್ಷೇಪಣೆ. ಯಂತ್ರ ಬಹುಮಟ್ಟಿಗೆ ಅಳೆಯುವುದು ಅಲುಗಾಟವನ್ನು. ಕೈ ಅಲುಗದೆ ಕಣ್ಣು ಬಿಟ್ಟು ಮಲಗಿರುವ ಮಗುವನ್ನು ಅದು ನಿದ್ದೆಯೆಂದೇ ಎಣಿಸಬಹುದು. ಅದು ಸರಿಯಾಗಿಯೇ ಅಳೆದರೂ ಒಂಬತ್ತೂಕಾಲಕ್ಕೆ ಗೇಟಿನಲ್ಲಿ ಬೈಕು ನಿಂತಿತೆಂದು ಅದಕ್ಕೆ ತಿಳಿಯುವುದಿಲ್ಲ. ಪುಸ್ತಕದಿಂದ ಆತಂಕ ಹೆಚ್ಚೀತೆಂಬ ಮೂರನೆಯ ಆಕ್ಷೇಪಣೆಯನ್ನು ಮಾತ್ರ ನಾನು ಹಗುರವಾಗಿ ಕಾಣಲಾರೆ. ಮಗುವಿನ ಪ್ರತಿಯೊಂದು ಉಸಿರನ್ನೂ ಬರೆಯಹೊರಟ ತಾಯಿಗೆ ಇದ್ದ ನಿದ್ದೆಯೂ ಹೋದೀತು. ಆದುದರಿಂದಲೇ ಎರಡು ವಾರವೆಂಬ ಗಡುವು. ಗಡುವು ಮುಗಿದ ಮೇಲೆ ಪುಸ್ತಕವನ್ನು ಮುಚ್ಚಬೇಕು, ಓದಬೇಕು, ಅಗತ್ಯವಿದ್ದರೆ ವೈದ್ಯರ ಕೈಗೆ ಕೊಡಬೇಕು. ಗೊರಕೆಯ ನಡುವೆ ಉಸಿರು ಕಟ್ಟುವುದೇ ಮುಂತಾದ ಭಯದ ಲಕ್ಷಣ ಕಂಡರಂತೂ ಎರಡು ವಾರ ಕಾಯದೆ ಮರುದಿನವೇ ಹೊರಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ಮಗುವಿನ ನಿದ್ದೆಯೆಂದು ಬರೆದ ಪುಟಗಳನ್ನು ಓದುತ್ತ ಹೋದಂತೆ ಅಲ್ಲಿ ಕಾಣುವುದು ದೊಡ್ಡವರ ದಿನಚರಿ. ರಾತ್ರಿ ಹತ್ತಕ್ಕೆ ಮುಗಿಯುವ ಕಚೇರಿ, ಬೆಳಿಗ್ಗೆ ಏಳಕ್ಕೆ ಬಾಗಿಲಲ್ಲಿ ನಿಲ್ಲುವ ಶಾಲೆಯ ವ್ಯಾನು, ಹಾಸಿಗೆಯ ಪಕ್ಕದಲ್ಲಿ ಬೆಳಗುವ ಫೋನು, ಪಕ್ಕದ ಛತ್ರದ ಧ್ವನಿವರ್ಧಕ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಸಲ್ಲದೆಂಬ ನಿಯಮ ೨೦೦೦ದಿಂದಲೂ ಇದೆ; ಅದರ ಪಾಲನೆ ಹೇಗಿದೆಯೆಂಬುದು ಮಗುವಿನ ಪುಸ್ತಕದಲ್ಲಿ ದಾಖಲಾಗುತ್ತದೆ. ಒಂದೇ ಕೋಣೆಯಲ್ಲಿ ಐವರು ಮಲಗುವ ಮನೆಗೆ ನೋಟುಪುಸ್ತಕ ಗೋಡೆ ಕಟ್ಟಿಕೊಡಲಾರದೆಂಬುದನ್ನು ನಾನು ಬಲ್ಲೆ. ಆದರೂ ಅಂಗನವಾಡಿಯಲ್ಲಿ ಮಗುವಿನ ತೂಕವನ್ನು ಬರೆದುಕೊಳ್ಳುವ ಕೈ, ‘ಎಷ್ಟಕ್ಕೆ ಮಲಗುತ್ತದೆ, ಗೊರಕೆ ಹೊಡೆಯುತ್ತದೆಯೇ’ ಎಂಬ ಎರಡು ಪ್ರಶ್ನೆ ಕೇಳಿ ಅದನ್ನೂ ಬರೆದುಕೊಂಡರೆ, ತಾಯಿಗೆ ಬೈಗುಳ ತಪ್ಪಿ ಎಷ್ಟೋ ಮಕ್ಕಳಿಗೆ ಚಿಕಿತ್ಸೆ ದೊರಕೀತು. ಇದಕ್ಕೆ ಹೆಚ್ಚಿನ ಹಣವೇನೂ ಬೇಕಾಗಿಲ್ಲ.

ಮಾತು ಬಾರದ ಕೂಸು ತನ್ನ ಕಷ್ಟವನ್ನು ಎಚ್ಚರವಿರುವುದರ ಮೂಲಕವೇ ಹೇಳುತ್ತದೆ; ಮಾತು ಬಂದ ಮಗುವೂ ನಿದ್ದೆಯ ವಿಷಯದಲ್ಲಿ ಹೆಚ್ಚು ಹೇಳಬಲ್ಲುದಲ್ಲ. ಅದರ ಪರವಾಗಿ ಯಾರಾದರೂ ಬರೆಯಬೇಕು. ಆ ಕೆಲಸವನ್ನು ತಾಯಿಯೊಬ್ಬಳ ಮೇಲೆಯೇ ಹೊರಿಸದೆ ಮನೆಯ ಯಜಮಾನರೂ ಹಿರಿಯರೂ ಪಾಳಿಯ ಮೇಲೆ ಪೆನ್ಸಿಲು ಹಿಡಿಯಬೇಕೆಂಬುದು ನನ್ನ ಪ್ರಾರ್ಥನೆ. ಹದಿನಾಲ್ಕು ರಾತ್ರಿ ಕಳೆಯುವುದರೊಳಗೆ ಮಗುವಿನ ವಿಷಯ ಒಂದಿಷ್ಟು ತಿಳಿದೀತು. ಮನೆಯಲ್ಲಿ ಪ್ರತಿ ರಾತ್ರಿ ಯಾರು ಏಳುತ್ತಿದ್ದರು ಎಂಬುದಂತೂ ಎಲ್ಲರಿಗೂ ಸಂದೇಹವಿಲ್ಲದೆ ತಿಳಿಯುತ್ತದೆ.